ನೆಂಟರ ಮನೆಯ ರುಚಿ, ನಮ್ಮ ಮನೆಯ ಗಡಿಯಾರ: ದಿನದ ಅಡುಗೆಗೆ ನಾಲ್ಕು ದಾರಿಗಳ ಹೋಲಿಕೆ

ಇವತ್ತಿನ ಅಡುಗೆ ಏನು ಎಂಬ ಪ್ರಶ್ನೆಗೆ ನೆಂಟರ ಬಳಗದಲ್ಲಿ ಉತ್ತರಗಳ ಕೊರತೆ ಇರುವುದಿಲ್ಲ. ಅತ್ತೆಯವರು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸುವ ಅಡುಗೆಯೊಂದನ್ನು ಹೇಳಿಕೊಟ್ಟಿರುತ್ತಾರೆ; ದೊಡ್ಡಮ್ಮ ರಜೆಯ ದಿನ ಒಟ್ಟಿಗೆ ಮಾಡಿಟ್ಟರೆ ಮೂರು ದಿನ ನಿಶ್ಚಿಂತೆ ಎನ್ನುತ್ತಾರೆ; ಅಕ್ಕ ಈರುಳ್ಳಿ, ಟೊಮೆಟೊ ಬಾಡಿಸಿದ ಗೊಜ್ಜನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡು ದಿನಕ್ಕೊಂದು ಬಗೆ ಮಾಡುತ್ತಾಳೆ; ಭಾವನ ಮನೆಯಲ್ಲಿ ಬೆಂದದ್ದನ್ನೆಲ್ಲ ಬೇರೆ ಬೇರೆ ಬಟ್ಟಲುಗಳಲ್ಲಿ ಇಟ್ಟು, ಅವರವರ ತಟ್ಟೆಯಲ್ಲಿ ಅವರವರೇ ಕೂಡಿಸಿಕೊಳ್ಳುತ್ತಾರೆ. ನಾಲ್ಕೂ ಅವರವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿವೆ. ಅವುಗಳಲ್ಲೊಂದನ್ನು ನಮ್ಮ ಮನೆಗೆ ತಂದುಕೊಂಡಾಗ ಮಾತ್ರ, ಹೇಳಿದಂತೆಯೇ ಮಾಡಿದರೂ ಹದ ತಪ್ಪುತ್ತದೆ, ಇಲ್ಲವೇ ಹದವಾಗಿ ಬಂದರೂ ವಾರ ಕಳೆಯುವುದರೊಳಗೆ ಕೈಬಿಟ್ಟುಹೋಗುತ್ತದೆ.

ಇದಕ್ಕೆ ಅಡುಗೆ ಹೇಳಿಕೊಟ್ಟವರ ತಪ್ಪಾಗಲಿ ಮಾಡಿದವರ ಕೈಗುಣವಾಗಲಿ ಕಾರಣವಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಂದು ಮನೆಯ ಅಡುಗೆಯೊಳಗೆ ಆ ಮನೆಯ ಪಾತ್ರೆಯ ಅಗಲ, ಒಲೆಯ ಉರಿ, ಉಣ್ಣುವವರ ಸಂಖ್ಯೆ, ಮನೆಯಲ್ಲಿ ಯಾರು ಎಷ್ಟು ಹೊತ್ತು ಇರುತ್ತಾರೆ ಎಂಬುದು, ಎಲ್ಲವೂ ಬಾಯಿಬಿಟ್ಟು ಹೇಳದೆಯೇ ಸೇರಿಕೊಂಡಿರುತ್ತವೆ. ಹಾಗಾಗಿ ಯಾವ ಅಡುಗೆ ರುಚಿ ಎಂದು ಕೇಳುವ ಮೊದಲು, ಯಾವ ದಾರಿ ನಮ್ಮ ಮನೆಯ ಗಡಿಯಾರಕ್ಕೆ ಹೊಂದುತ್ತದೆ ಎಂದು ಕೇಳಿಕೊಳ್ಳಬೇಕು.

ಮೊದಲು ಅಳೆಯಬೇಕಾದದ್ದು

ಅಡುಗೆಯ ಹೊತ್ತಿನಲ್ಲಿ ಎರಡು ಬಗೆಯಿದೆ. ಒಂದು, ಕೈ ಕೆಲಸದಲ್ಲಿರುವ ಹೊತ್ತು: ತೊಳೆಯುವುದು, ಹೆಚ್ಚುವುದು, ಬಾಡಿಸುವುದು, ಕಲಕುವುದು. ಇನ್ನೊಂದು, ಅಡುಗೆ ಒಲೆಯ ಮೇಲೆ ತಾನಾಗಿ ಬೇಯುತ್ತಿರುವ ಹೊತ್ತು. ‘ಅರ್ಧ ಗಂಟೆಯ ಅಡುಗೆ’ ಎಂದು ನೆಂಟರು ಹೇಳಿದಾಗ ಅದು ಯಾವ ಅರ್ಧ ಗಂಟೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಚಿಕ್ಕ ಮಗುವನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ನಿಲ್ಲುವವರಿಗೆ ಒಂದೂವರೆ ಗಂಟೆ ಬೇಯುವ ಆದರೆ ಹತ್ತೇ ನಿಮಿಷ ಕೈ ಬೇಡುವ ಅಡುಗೆಯೇ ಸುಲಭದ್ದು. ಸಂಜೆ ಏಳಕ್ಕೆ ಮನೆ ಸೇರಿ ಎಂಟಕ್ಕೆ ಬಡಿಸಬೇಕಾದವರಿಗೆ ಅದೇ ಅಡುಗೆ ಕೈಗೆಟುಕದ ಮಾತು.

ಎರಡನೆಯ ಅಳತೆ, ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೀರೋ ಅಥವಾ ಒಬ್ಬರು ಏಳಕ್ಕೆ, ಒಬ್ಬರು ಒಂಬತ್ತೂವರೆಗೆ ಉಣ್ಣುತ್ತೀರೋ ಎಂಬುದು. ಇದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ನಾಲ್ಕು ದಾರಿಗಳ ನಡುವೆ ಅತಿ ಹೆಚ್ಚು ವ್ಯತ್ಯಾಸ ಮಾಡುವುದು ಇದೇ. ಮೂರನೆಯದು, ಉಣ್ಣುವವರ ಅಗತ್ಯ ಎಷ್ಟು ಬೇರೆಬೇರೆಯಾಗಿದೆ ಎಂಬುದು: ಉಪ್ಪು ಕಡಿಮೆ ಮಾಡಬೇಕಾದ ಹಿರಿಯರು, ಖಾರ ಮುಟ್ಟದ ಮಕ್ಕಳು, ಮಾಂಸ ತಿನ್ನುವವರು, ತಿನ್ನದವರು ಒಂದೇ ಸೂರಿನಡಿ ಇರುತ್ತಾರೆ. ನಾಲ್ಕನೆಯದು ಖರ್ಚು. ಸಾಮಾನಿನ ಬೆಲೆಯಷ್ಟೇ ಅಲ್ಲದೆ, ಉರಿಯುವ ಇಂಧನ, ಫ್ರಿಜ್ಜಿನ ಜಾಗ, ಕೊನೆಗೆ ಹಾಳಾಗಿ ಚೆಲ್ಲುವುದು, ಇಷ್ಟನ್ನೂ ಅದರಲ್ಲಿ ಸೇರಿಸಿ ನೋಡಬೇಕು. ಕೊನೆಯದು, ಆ ಅಡುಗೆಯನ್ನು ಫೋನಿನಲ್ಲಿ ಕೇಳಿ ಮಾಡಲು ಆಗುತ್ತದೆಯೇ, ಅಥವಾ ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕೇ ಎಂಬುದು.

ಎಲ್ಲವನ್ನೂ ಒಂದೇ ಪಾತ್ರೆಗೆ

ಅಕ್ಕಿ, ಬೇಳೆ ಅಥವಾ ಕಾಳು, ತರಕಾರಿ, ಬೇಕಿದ್ದರೆ ಮಾಂಸ, ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು ಬಡಿಸುವ ಹೊತ್ತಿಗೆ ಅಡುಗೆಮನೆಯಲ್ಲಿ ತೊಳೆಯಲು ಒಂದು ಪಾತ್ರೆ, ಒಂದು ಸೌಟು, ಒಂದು ಚಾಕು ಮಾತ್ರ ಉಳಿದಿರುವುದು ಈ ದಾರಿಯ ದೊಡ್ಡ ಆಕರ್ಷಣೆ. ಒಲೆ ಒಂದೇ ಉರಿಯುವುದರಿಂದ ಇಂಧನವೂ ಉಳಿಯುತ್ತದೆ. ಪ್ರೆಶರ್ ಕುಕ್ಕರ್ ಇದ್ದರಂತೂ ಉಳಿತಾಯ ಇನ್ನೂ ಹೆಚ್ಚು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಲಾರದು, ಒತ್ತಡದಲ್ಲಿ ಅದು ಸುಮಾರು 120 ಡಿಗ್ರಿವರೆಗೆ ಏರುತ್ತದೆ, ಹಾಗಾಗಿ ಗಂಟೆಗಟ್ಟಲೆ ಬೇಯಬೇಕಾದ ಕಾಳು ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮೆತ್ತಗಾಗುತ್ತದೆ.

ಹೇಳಲು ಇಷ್ಟು ಸುಲಭವಾದ ಅಡುಗೆ ಬೇರೆಯಿಲ್ಲ, ಹೇಳಿದ್ದನ್ನು ಕೇಳಿ ಕೆಡಿಸಿಕೊಳ್ಳುವುದೂ ಇಷ್ಟು ಸುಲಭವಾದದ್ದು ಬೇರೆಯಿಲ್ಲ. ನನ್ನ ಚಿಕ್ಕಮ್ಮ ಒಮ್ಮೆ ಫೋನಿನಲ್ಲಿ ತಮ್ಮ ಕಾಳಿನ ಅಡುಗೆಯನ್ನು ಹೇಳಿಕೊಟ್ಟರು. “ಎಲ್ಲಾ ಹಾಕಿ ಮುಚ್ಚಿಡಮ್ಮ, ಮುಕ್ಕಾಲು ಗಂಟೆಯಲ್ಲಿ ಆಗಿಬಿಡುತ್ತೆ” ಎಂದರು. ನೆನೆದ ಕಾಳು, ಹೆಚ್ಚಿದ ಟೊಮೆಟೊ, ಈರುಳ್ಳಿ, ಉಪ್ಪು, ನೀರು ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ ಮುಚ್ಚಿಟ್ಟೆ. ಮುಕ್ಕಾಲು ಗಂಟೆಗೆ ಒಂದು ಕಾಳನ್ನು ಬೆರಳುಗಳ ನಡುವೆ ಹಿಚುಕಿದರೆ ಅದು ಎರಡು ಹೋಳಾಯಿತೇ ಹೊರತು ಹಿಟ್ಟಾಗಲಿಲ್ಲ. ಮತ್ತೊಂದು ಗಂಟೆ ಕಳೆದರೂ ನಡುವೆ ಗಟ್ಟಿ ಹರಳು ಹಾಗೆಯೇ ಇತ್ತು; ಟೊಮೆಟೊ ಕರಗಿ ಮಾಯವಾಗಿತ್ತು, ತಳ ಹಿಡಿಯಲು ಆರಂಭವಾಗಿತ್ತು, ಮಕ್ಕಳು ಹಸಿದು ಬ್ರೆಡ್ ತಿಂದು ಮಲಗಿದರು. ಮರುದಿನ ಚಿಕ್ಕಮ್ಮನನ್ನು ಬಿಡಿಸಿ ಬಿಡಿಸಿ ಕೇಳಿದಾಗ ಗೊತ್ತಾಯಿತು, ಅವರ ಮನೆಯಲ್ಲಿ ಬೆಳಿಗ್ಗೆಯೇ ಕಾಳು ಬೇಯಿಸಿಡುವುದು ರೂಢಿ. ಅವರ ‘ಎಲ್ಲಾ ಹಾಕಿ’ ಎಂಬ ಮಾತಿನಲ್ಲಿದ್ದದ್ದು ಬೆಂದ ಕಾಳು. ದಿನವೂ ಮಾಡುವ ಕೆಲಸವಾದ್ದರಿಂದ ಅದನ್ನು ಹೇಳಬೇಕೆಂದು ಅವರಿಗೆ ತೋಚಲೇ ಇಲ್ಲ.

ಹುಳಿಯ ಜೊತೆ ಕಾಳು ಬೇಯದಿರುವುದಕ್ಕೆ ಸರಿಯಾದ ಕಾರಣವಿದೆ. ಕಾಳು, ಆಲೂಗಡ್ಡೆಗಳ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ವಸ್ತು ಬಿಸಿನೀರಿನಲ್ಲಿ ಕರಗಿದರೆ ಮಾತ್ರ ಅವು ಮೆತ್ತಗಾಗುತ್ತವೆ. ನೀರು ಹುಳಿಯಾಗಿದ್ದರೆ ಅದು ಬೇಗ ಕರಗುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇದೇ ತೊಂದರೆ ಕೊಡುತ್ತದೆ. ಆದ್ದರಿಂದ ಒಂದೇ ಪಾತ್ರೆಯ ಅಡುಗೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯೇ ಪ್ರಾಣ. ಈರುಳ್ಳಿಯನ್ನೋ ಮಾಂಸವನ್ನೋ ಕೆಂಪಗೆ ಹುರಿಯುವುದಿದ್ದರೆ ನೀರು ಸೇರುವ ಮೊದಲೇ ಆಗಬೇಕು, ಏಕೆಂದರೆ ಹುರಿದ ಪರಿಮಳ ಹುಟ್ಟಲು ಕುದಿಯುವ ನೀರಿಗಿಂತ ಬಹಳ ಹೆಚ್ಚಿನ ಬಿಸಿ ಬೇಕು. ಹುಳಿಯ ಪದಾರ್ಥ ಕಾಳು ಬೆಂದ ಮೇಲೆ ಬೀಳಬೇಕು. ಸೊಪ್ಪು ಇಳಿಸುವ ಮುನ್ನ. ಇದಕ್ಕೆ ಸೇರಿಸಬೇಕಾದ ಎಚ್ಚರಿಕೆಯ ಮಾತೊಂದಿದೆ: ಕೆಂಪು ರಾಜ್ಮಾ ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು, ಅರ್ಧ ಗಂಟೆಯಾದರೆ ಇನ್ನೂ ನಿಶ್ಚಿಂತೆ. ಅದರಲ್ಲಿರುವ ಲೆಕ್ಟಿನ್ ಎಂಬ ನಂಜು ಸಣ್ಣ ಬಿಸಿಯಲ್ಲಿ ನಾಶವಾಗದೆ ವಾಂತಿ, ಹೊಟ್ಟೆನೋವು ತರುತ್ತದೆ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗೆ ಹಸಿ ರಾಜ್ಮಾವನ್ನು ನೇರವಾಗಿ ಹಾಕುವ ಅಡುಗೆ ಯಾರ ಮನೆಯಿಂದ ಬಂದರೂ ಅದನ್ನು ಒಪ್ಪಿಕೊಳ್ಳಬೇಡಿ.

ನೀರಿನ ಲೆಕ್ಕದಲ್ಲಿಯೂ ಇದೇ ರೀತಿ ಎಡವುತ್ತೇವೆ. ಇಬ್ಬರಿಗೆ ಹೇಳಿದ ಅಳತೆಯನ್ನು ಆರು ಜನರಿಗೆ ಮಾಡುವಾಗ ಅಕ್ಕಿಯನ್ನೂ ನೀರನ್ನೂ ಮೂರು ಪಟ್ಟು ಮಾಡಿದರೆ ಅನ್ನ ಮುದ್ದೆಯಾಗುತ್ತದೆ. ಅಕ್ಕಿ ತನ್ನೊಳಗೆ ಹೀರಿಕೊಳ್ಳುವ ನೀರು ಹೆಚ್ಚುಕಡಿಮೆ ತನ್ನಷ್ಟೇ ಅಳತೆಯದ್ದು. ಉಳಿದದ್ದು ಆವಿಯಾಗಿ ಹೋಗಲೆಂದು ಹಾಕುವ ನೀರು. ಅಕ್ಕಿ ಮೂರು ಪಟ್ಟಾದರೆ ಹೀರುವ ನೀರು ಮೂರು ಪಟ್ಟಾಗುತ್ತದೆ, ಆದರೆ ಪಾತ್ರೆಯ ಬಾಯಿ ಅಷ್ಟೇ ಅಗಲವಿರುವಾಗ ಆವಿಯಾಗುವ ನೀರು ಮೂರು ಪಟ್ಟಾಗುವುದಿಲ್ಲ. ಉದಾಹರಣೆಗೆ, ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂದಿದ್ದರೆ, ಅದೇ ಪಾತ್ರೆಯಲ್ಲಿ ಮೂರು ಲೋಟ ಅಕ್ಕಿಗೆ ಆರು ಲೋಟದ ಬದಲು ನಾಲ್ಕರಿಂದ ನಾಲ್ಕೂವರೆ ಲೋಟದಲ್ಲಿ ಆರಂಭಿಸಿ, ಬೇಕೆನಿಸಿದರೆ ಬಿಸಿನೀರು ಸೇರಿಸಿಕೊಳ್ಳಬಹುದು. ಕಡಿಮೆ ಬಿದ್ದ ನೀರನ್ನು ತುಂಬಿಕೊಳ್ಳಬಹುದು, ಹೆಚ್ಚಾದದ್ದನ್ನು ವಾಪಸು ಪಡೆಯಲಾಗದು.

ಹಾಗಾದರೆ ಈ ದಾರಿ ಯಾರಿಗೆ? ಎಲ್ಲರೂ ಒಂದೇ ಹೊತ್ತಿಗೆ ಉಣ್ಣುವ, ಹೆಚ್ಚುಕಡಿಮೆ ಒಂದೇ ಬಗೆಯ ರುಚಿ ಒಪ್ಪುವ ಮನೆಗಳಿಗೆ. ಪಾತ್ರೆಯೊಳಗೆ ಉಪ್ಪು ಖಾರ ಒಮ್ಮೆ ಬಿದ್ದರೆ ಬೇರ್ಪಡಿಸಲು ಆಗುವುದಿಲ್ಲ. ಒಂಬತ್ತೂವರೆಗೆ ಬರುವವರ ಪಾಲಿಗೆ ಅನ್ನ ನೀರನ್ನೆಲ್ಲ ಹೀರಿಕೊಂಡು ಗಟ್ಟಿಯಾಗಿರುತ್ತದೆ. ಒಂಟಿಯಾಗಿ ಹೊಸದಾಗಿ ಮನೆ ಮಾಡಿರುವ, ಒಂದೇ ಒಲೆಯಿರುವ ಹುಡುಗ ಹುಡುಗಿಯರಿಗೆ ಮಾತ್ರ ನಾನು ಮೊದಲು ಕಲಿಸುವುದು ಇದನ್ನೇ.

ಒಮ್ಮೆ ಬೇಯಿಸಿ ಎತ್ತಿಡುವುದು

ಕೆಲಸದ ದಿನಗಳಲ್ಲಿ ಸಂಜೆಗೆ ಉಸಿರಾಡಲೂ ಬಿಡುವಿಲ್ಲದ ಮನೆಗಳಿಗೆ ದೊಡ್ಡಮ್ಮನ ದಾರಿ ದೊಡ್ಡ ಆಸರೆ. ರಜೆಯ ದಿನ ಮೂರು ಗಂಟೆ ನಿಂತರೆ, ಉಳಿದ ಸಂಜೆಗಳಲ್ಲಿ ಬಿಸಿಮಾಡುವ ಕೆಲಸವಷ್ಟೇ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದರಿಂದ ಸಾಮಾನಿನ ಖರ್ಚು ಇಳಿಯುತ್ತದೆ, ಹೊರಗಿನಿಂದ ಊಟ ತರಿಸುವ ಪ್ರಸಂಗವೂ ಕಡಿಮೆಯಾಗುತ್ತದೆ. ಬೇರೆ ಬೇರೆ ಹೊತ್ತಿಗೆ ಉಣ್ಣುವವರಿಗೆ ನಾಲ್ಕರಲ್ಲಿ ಇದಕ್ಕಿಂತ ಅನುಕೂಲದ್ದು ಇಲ್ಲ.

ಆದರೆ ಇಲ್ಲಿ ತಪ್ಪಿದರೆ ರುಚಿಯ ಜೊತೆಗೆ ಆರೋಗ್ಯವೂ ಕೆಡುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಆಹಾರಕ್ಕೆ ಹೇಳಿರುವ ಐದು ಸೂತ್ರಗಳಲ್ಲಿ ಒಂದು ಬೆಂದ ಆಹಾರದ ಬಿಸಿಯ ಕುರಿತದ್ದು: 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ, ಆದ್ದರಿಂದ ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಸೆಖೆಯ ದಿನಗಳಲ್ಲಿ ಒಂದು ಗಂಟೆಯನ್ನೇ ಗಡಿ ಎಂದುಕೊಳ್ಳುವುದು ಕ್ಷೇಮ. ಬೇಯಿಸಿದ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನೊಳಗೆ ತಳ್ಳಿದರೂ ಕೆಲಸವಾಗದು. ಆಳವಾದ ಪಾತ್ರೆಯಲ್ಲಿ ತುಂಬಿದ ದಪ್ಪನೆಯ ಸಾರಿನ ಮೇಲ್ಭಾಗ ತಣ್ಣಗಾಗಿದ್ದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ಡಬ್ಬಿಗಳಲ್ಲಿ ಸುಮಾರು 5 ಸೆಂಟಿಮೀಟರಿಗಿಂತ ಹೆಚ್ಚು ಆಳವಾಗದಂತೆ ಹರಡಿದರೆ ಬೇಗ ಆರುತ್ತದೆ.

ಅನ್ನದ ವಿಷಯದಲ್ಲಿ ನಾನು ಇನ್ನಷ್ಟು ಕಟ್ಟುನಿಟ್ಟು. ಅಕ್ಕಿಯಲ್ಲಿ ಸಹಜವಾಗಿಯೇ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ನಂಜನ್ನು ಬಿಡುತ್ತವೆ. ಆ ನಂಜು ಮತ್ತೆ ಬಿಸಿಮಾಡುವುದರಿಂದ ಹೋಗುವುದಿಲ್ಲ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಹುರಿದುಬಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ, ಅದು ಸರಿಯಲ್ಲ. ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು. ಹೀಗಾಗಿ ಈ ದಾರಿಯಲ್ಲಿ ಸಾರು, ಕಾಳು, ಮಾಂಸದ ಅಡುಗೆಗಳನ್ನು ಎತ್ತಿಡುವುದು, ಅನ್ನವನ್ನು ದಿನದಿನ ಬಿಸಿಬಿಸಿಯಾಗಿ ಮಾಡಿಕೊಳ್ಳುವುದು ಹೆಚ್ಚು ವಿವೇಕದ್ದು. ಅನ್ನಕ್ಕೆ ಕೈ ಕೆಲಸ ಐದು ನಿಮಿಷವೂ ಬೇಡ.

ಫ್ರಿಜ್ಜಿನಲ್ಲಿಟ್ಟ ಸಾರು, ಕಾಳು ಮೂರರಿಂದ ನಾಲ್ಕು ದಿನ. ಅದರಾಚೆಗೆ ಬೇಕಿದ್ದರೆ −18 ಡಿಗ್ರಿಯ ಫ್ರೀಜರಿಗೆ ಮೊದಲ ದಿನವೇ ಹೋಗಬೇಕು, ನಾಲ್ಕನೆಯ ದಿನ ಅಲ್ಲ. ಮತ್ತೆ ಬಿಸಿಮಾಡುವಾಗ ನಡುವಿನವರೆಗೂ ಕುದಿ ಬರಬೇಕು. ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಬಿಸಿಮಾಡಬೇಕು. ಡಬ್ಬಿಯ ಮೇಲೆ ತಾರೀಕು ಬರೆದು ಅಂಟಿಸುವುದು ಸಣ್ಣ ಕೆಲಸವಾದರೂ, ಅದನ್ನು ಮಾಡದ ಮನೆಯ ಫ್ರೀಜರಿನ ತಳದಲ್ಲಿ ಏನೆಂದು ಯಾರಿಗೂ ಗೊತ್ತಿಲ್ಲದ ಮಂಜುಗಡ್ಡೆಗಳು ಕೂತಿರುತ್ತವೆ, ಉಳಿತಾಯವೆಲ್ಲ ಅಲ್ಲಿಯೇ ಸೋರಿಹೋಗುತ್ತದೆ.

ಯಾವುದು ಎತ್ತಿಡಲು ಒಗ್ಗುತ್ತದೆ ಎಂಬುದನ್ನೂ ನೋಡಬೇಕು. ಬೆಂದ ಕಾಳು, ಬೇಳೆ, ಮಾಂಸದ ಸಾರು ಫ್ರೀಜರಿನಿಂದ ಬಂದ ಮೇಲೂ ಮೊದಲಿನಂತೆಯೇ ಇರುತ್ತವೆ. ಬೆಂದ ಆಲೂಗಡ್ಡೆಯ ಹೋಳುಗಳು ನೀರು ಬಿಟ್ಟು ಪುಡಿಪುಡಿಯಾಗುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ. ಸೌತೆಕಾಯಿಯಂಥ ನೀರಿನ ತರಕಾರಿಗಳು ಸಪ್ಪಗೆ ಕುಸಿಯುತ್ತವೆ. ದೊಡ್ಡಮ್ಮನ ಅಡುಗೆಯಲ್ಲಿ ಆಲೂಗಡ್ಡೆ ಇದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಎತ್ತಿಟ್ಟು, ಉಣ್ಣುವ ದಿನ ಹೊಸದಾಗಿ ಬೇಯಿಸಿ ಸೇರಿಸಿಕೊಳ್ಳುವುದು ಸರಿ.

ಫ್ರಿಜ್ ಚಿಕ್ಕದಿದ್ದರೆ ಅಥವಾ ವಿದ್ಯುತ್ತಿನ ಭರವಸೆಯಿಲ್ಲದಿದ್ದರೆ ಈ ದಾರಿಯನ್ನು ನಾನು ಸಲಹೆ ಮಾಡಲಾರೆ. ಇನ್ನೊಂದು ತೊಡಕು ಮನಸ್ಸಿನದ್ದು. ಮೂರನೆಯ ದಿನವೂ ಅದೇ ಸಾರು ಕಂಡಾಗ ಮಕ್ಕಳ ಮುಖ ಸಪ್ಪಗಾಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಐದು ದಿನದ ಯೋಜನೆ ಹಾಕಿದರೆ ನಾಲ್ಕನೆಯ ದಿನ ಹೊರಗಿನ ಊಟ ಬರುತ್ತದೆ, ಒಳಗಿನದ್ದು ಕಸಕ್ಕೆ ಹೋಗುತ್ತದೆ. ಎರಡು ದಿನಕ್ಕೆ ಮಾಡಿ, ಎರಡು ದಿನದ್ದನ್ನು ಫ್ರೀಜರಿಗೆ ಹಾಕಿ, ನಡುವೆ ಬೇರೆ ಏನಾದರೂ ಮಾಡುವುದು ಹೆಚ್ಚು ಕಾಲ ಬಾಳುವ ಪದ್ಧತಿ.

ಒಂದು ಗೊಜ್ಜು, ಹಲವು ಅಡುಗೆ

ಅಕ್ಕನ ದಾರಿ ಇವೆರಡರ ನಡುವಿನದ್ದು, ಹಾಗೂ ವೈಯಕ್ತಿಕವಾಗಿ ನಾನು ಕೊನೆಗೆ ನೆಲೆ ನಿಂತದ್ದು ಇದರಲ್ಲಿಯೇ. ಅಡುಗೆಯಲ್ಲಿ ಕೈಯನ್ನು ಹೆಚ್ಚು ಹೊತ್ತು ಹಿಡಿದಿಡುವುದು ಈರುಳ್ಳಿ. ‘ಈರುಳ್ಳಿ ಕೆಂಪಗಾಗುವವರೆಗೆ ಬಾಡಿಸಿ’ ಎಂದು ಒಂದು ಸಾಲಿನಲ್ಲಿ ಬರೆದಿರುತ್ತಾರೆ, ಆದರೆ ನಾಲ್ಕು ದೊಡ್ಡ ಈರುಳ್ಳಿ ಸಣ್ಣ ಉರಿಯಲ್ಲಿ ನಿಜವಾಗಿ ಕೆಂಪಗಾಗಲು ಅರ್ಧ ಗಂಟೆಯ ಮೇಲೆ ಬೇಕು. ದಿನವೂ ಆ ಅರ್ಧ ಗಂಟೆ ಸಿಗದೆ ನಾವು ಬಿಳಿಯಿರುವಾಗಲೇ ಮುಂದಿನದ್ದನ್ನು ಸುರಿಯುತ್ತೇವೆ, ಆಮೇಲೆ ‘ಅಕ್ಕನ ಕೈರುಚಿ ಬರಲಿಲ್ಲ’ ಎನ್ನುತ್ತೇವೆ. ವಾರಕ್ಕೊಮ್ಮೆ ಒಂದು ಕಿಲೋ ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಬಣ್ಣ ಹೊಂಬಣ್ಣದಿಂದ ಕಂದಿಗೆ ತಿರುಗಿ, ಎಣ್ಣೆ ಅಂಚಿನಲ್ಲಿ ಬಿಡತೊಡಗಿದಾಗ ಟೊಮೆಟೊ ಸೇರಿಸಿ, ಅದರ ನೀರೆಲ್ಲ ಇಂಗುವವರೆಗೆ ತಿರುವಿ ತೆಗೆದಿಟ್ಟರೆ, ಆ ವಾರದ ಪ್ರತಿ ಸಂಜೆಗೂ ಕಷ್ಟದ ಭಾಗ ಮುಗಿದಂತೆಯೇ. ಒಂದು ದಿನ ಅದಕ್ಕೆ ಬೆಂದ ಬೇಳೆ, ಒಂದು ದಿನ ಬೇಯಿಸಿದ ಮೊಟ್ಟೆ, ಇನ್ನೊಂದು ದಿನ ಹೂಕೋಸು, ಮತ್ತೊಂದು ದಿನ ಕೋಳಿ. ರುಚಿ ಮರುಕಳಿಸಿದಂತೆ ಅನಿಸುವುದಿಲ್ಲ, ಸಂಜೆಯ ಕೈ ಕೆಲಸ ಇಪ್ಪತ್ತು ನಿಮಿಷ ದಾಟುವುದಿಲ್ಲ.

ಇದನ್ನು ಕೂಡ ಮೂರು ದಿನದ ಪಾಲು ಫ್ರಿಜ್ಜಿಗೆ, ಉಳಿದದ್ದು ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಎಂದು ಮೊದಲೇ ಹಂಚಿಬಿಡಬೇಕು. ಮಂಜುಗಡ್ಡೆಯ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಬಿಲ್ಲೆಗಳಾಗಿ ತೆಗೆದಿಟ್ಟುಕೊಂಡರೆ ಒಬ್ಬರಿಗೆ ಎರಡು, ನಾಲ್ವರಿಗೆ ಎಂಟು ಎಂದು ಎಣಿಸಿ ಹಾಕಬಹುದು. ಆಗ ಅಕ್ಕ ಫೋನಿನಲ್ಲಿ ಹೇಳುವ ಅಳತೆ ಯಾವ ಗೊಂದಲವೂ ಇಲ್ಲದೆ ನಮಗೆ ತಲುಪುತ್ತದೆ. ಉಪ್ಪನ್ನು ಗೊಜ್ಜಿಗೆ ಹಾಕದೆ ಕೊನೆಯ ಅಡುಗೆಗೆ ಹಾಕುವುದು ಉತ್ತಮ. ಹಿರಿಯರ ಪಾಲನ್ನು ಸಪ್ಪಗೆ ತೆಗೆದುಕೊಳ್ಳಲು ಆಗ ಅವಕಾಶವಿರುತ್ತದೆ; ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನೋಡಿದರೆ, ಅದು ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ, ಇಡೀ ದಿನಕ್ಕೆ.

ಕೊರತೆಯೆಂದರೆ, ವಾರದಲ್ಲೊಂದು ದಿನ ಒಂದೂವರೆ ಗಂಟೆ ಒಲೆಯ ಮುಂದೆ ಬಿಡದೆ ನಿಲ್ಲಬೇಕು. ಸೀದ ಗೊಜ್ಜಿನ ಕಹಿ ಮುಂದಿನ ಐದು ಅಡುಗೆಗಳಿಗೂ ಹರಡುತ್ತದೆ. ಈ ಹದವನ್ನು ಫೋನಿನಲ್ಲಿ ಕಲಿಯುವುದೂ ಕಷ್ಟ. ಬಣ್ಣ, ವಾಸನೆ, ಸೌಟು ಎಳೆದಾಗ ತಳ ಕಾಣುವ ಬಗೆ, ಇವನ್ನು ಒಮ್ಮೆಯಾದರೂ ಪಕ್ಕದಲ್ಲಿ ನಿಂತು ನೋಡಬೇಕು, ಅಥವಾ ಅಕ್ಕ ಮಾಡುವಾಗ ಮೂರು ಹಂತಗಳಲ್ಲಿ ಫೋಟೋ ತೆಗೆದು ಕಳಿಸುವಂತೆ ಕೇಳಬೇಕು.

ತಟ್ಟೆಯಲ್ಲೇ ಕೂಡಿಸಿಕೊಳ್ಳುವುದು

ಒಂದು ಧಾನ್ಯ, ಒಂದು ಕಾಳು ಅಥವಾ ಮಾಂಸ, ಎರಡು ತರಕಾರಿ, ಮೇಲೆ ಹಾಕಿಕೊಳ್ಳಲು ಮೊಸರು ಅಥವಾ ಚಟ್ನಿಯಂಥದ್ದು. ಬಟ್ಟಲುಗಳನ್ನು ಮುಂದಿಟ್ಟರೆ ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳುತ್ತಾರೆ. ಒಬ್ಬೊಬ್ಬರದ್ದೂ ಒಂದೊಂದು ಪಥ್ಯವಾಗಿರುವ ಮನೆಗೆ ಇದನ್ನು ಮೀರಿಸುವ ದಾರಿ ಇಲ್ಲ. ಮಾಂಸದ ಬಟ್ಟಲು, ಸೌಟು ಬೇರೆಯಾಗಿರುವುದರಿಂದ ತಿನ್ನದವರಿಗೆ ಮುಜುಗರವಿಲ್ಲ. ತಾನೇ ಹಾಕಿಕೊಂಡದ್ದನ್ನು ಮಗು ತಟ್ಟೆಯಲ್ಲಿ ಬಿಡುವುದೂ ಕಡಿಮೆ. ಅಡುಗೆಯಲ್ಲಿ ಹೆಚ್ಚಿನ ಪಳಗುವಿಕೆ ಬೇಡ, ಕೆಡುವ ಭಯವೂ ಇಲ್ಲ, ಏಕೆಂದರೆ ಪ್ರತಿಯೊಂದನ್ನೂ ಬಿಡಿಯಾಗಿ ಬೇಯಿಸುತ್ತೀರಿ. ತೊಂದರೆ ಸರಳ: ಪಾತ್ರೆಗಳು. ಐದಾರು ಬಟ್ಟಲು, ಅಷ್ಟೇ ಸೌಟುಗಳು ತೊಳೆಯುವ ಬಾನಿಗೆ ಬೀಳುತ್ತವೆ. ಎರಡು ಮೂರು ಒಲೆ ಒಟ್ಟಿಗೆ ಉರಿಯಬೇಕಾಗುತ್ತದೆ. ಪ್ರತಿ ಬಟ್ಟಲಿನಲ್ಲೂ ಒಂದಿಷ್ಟು ಉಳಿಯುತ್ತದೆ. ತೊಳೆಯಲು ಇನ್ನೊಬ್ಬರು ಕೈಜೋಡಿಸುವ ಮನೆಗೆ ಮಾತ್ರ ಇದು ಸುಲಭದ ಊಟ. ಐದು ವರ್ಷದೊಳಗಿನ ಮಕ್ಕಳು ಕೂರುವಲ್ಲಿ ಇಡೀ ಕಡಲೆಬೀಜ, ಗೋಡಂಬಿ, ಬಾದಾಮಿಗಳ ಬಟ್ಟಲನ್ನು ಅವರ ಕೈಗೆಟುಕದಂತೆ ಇಡಬೇಕು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಆರಿಸಿಕೊಳ್ಳುವುದು ಹೇಗೆ

ನಾಲ್ಕನ್ನೂ ಸ್ವಲ್ಪ ಸ್ವಲ್ಪ ಮಾಡುವುದಕ್ಕಿಂತ ವಾರದ ಬಹುಪಾಲಿಗೆ ಒಂದನ್ನು ಹಿಡಿದು, ಒಂದೆರಡು ದಿನಕ್ಕೆ ಇನ್ನೊಂದನ್ನು ಇಟ್ಟುಕೊಳ್ಳುವುದು ನೆಮ್ಮದಿಯದ್ದು. ಕೈಯಲ್ಲಿ ಹಣ ತೀರಾ ಬಿಗಿಯಿದ್ದು ಎಲ್ಲರೂ ಒಟ್ಟಿಗೆ ಉಣ್ಣುವಿರಾದರೆ ಒಂದೇ ಪಾತ್ರೆಯ ಅಡುಗೆಯನ್ನೇ ಹಿಡಿಯಿರಿ; ಇಂಧನ, ಪಾತ್ರೆ, ವ್ಯರ್ಥ ಮೂರೂ ಅದರಲ್ಲಿ ಕಡಿಮೆ. ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಗಂಡ ಹೆಂಡತಿಯಿದ್ದು ಒಳ್ಳೆಯ ಫ್ರೀಜರ್ ಇದ್ದರೆ ಎತ್ತಿಡುವ ಅಡುಗೆ. ಸಂಜೆಗೆ ಅರ್ಧ ಗಂಟೆ ಸಿಗುತ್ತದೆ, ದಿನವೂ ಒಂದೇ ರುಚಿ ಬೇಸರ, ಉಪ್ಪು ಖಾರದಲ್ಲಿ ಒಂದಿಷ್ಟು ಭೇದ ಬೇಕು ಎನ್ನುವವರಿಗೆ ಗೊಜ್ಜಿನ ದಾರಿ. ಮೂರು ತಲೆಮಾರು ಒಂದೇ ಮನೆಯಲ್ಲಿದ್ದು ಪಥ್ಯಗಳು ಹಲವಿದ್ದರೆ ತಟ್ಟೆಯಲ್ಲೇ ಕೂಡಿಸಿಕೊಳ್ಳುವುದು, ಅದರಲ್ಲಿಯೂ ಬಾಣಂತಿ, ರೋಗಿ ಇರುವ ದಿನಗಳಲ್ಲಿ. ಎರಡು ದಾರಿಗಳ ನಡುವೆ ತೂಗುಯ್ಯಾಲೆಯಾದರೆ, ಮನೆಯಲ್ಲಿ ಪಾತ್ರೆ ತೊಳೆಯುವವರನ್ನು ಕೇಳಿ. ಅಡುಗೆ ಮಾಡುವವರೂ ತೊಳೆಯುವವರೂ ಒಬ್ಬರೇ ಆಗಿದ್ದರೆ ಅವರ ಮಾತೇ ಕೊನೆಯದಾಗಬೇಕು.

ನೆಂಟರ ಮನೆಗಳು ಹತ್ತಿರವಿದ್ದರೆ ಐದನೆಯದೊಂದು ಬಗೆಯೂ ಇದೆ: ಎರಡು ಮನೆಯವರು ವಾರಕ್ಕೊಮ್ಮೆ ಇಮ್ಮಡಿ ಮಾಡಿ ಡಬ್ಬಿ ಬದಲಿಸಿಕೊಳ್ಳುವುದು. ಚೆನ್ನಾಗಿದೆ, ಆದರೆ ಎರಡೂ ಮನೆಯ ಪಥ್ಯ ಒಂದೇ ಆಗಿರಬೇಕು, ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಮನಸ್ಸಿಗೆ ಬರಬಾರದು.

ದಾರಿ ಯಾವುದೇ ಆಗಲಿ, ಅಡುಗೆ ಕೇಳಿಕೊಳ್ಳುವಾಗ ಅಳತೆಯನ್ನು ಬಿಡಿಸಿ ಕೇಳಿ. ಕಪ್ ಎಂದರೆ ಒಂದು ದೇಶದಲ್ಲಿ 240 ಮಿಲಿಲೀಟರ್, ಇನ್ನೊಂದರಲ್ಲಿ 250. ಅನ್ನ ಮಾಡುವ ವಿದ್ಯುತ್ ಕುಕ್ಕರಿನ ಜೊತೆ ಬರುವ ಕಪ್ 180 ಮಾತ್ರ. ದೊಡ್ಡ ಚಮಚ ಬಹುತೇಕ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಹರಳುಪ್ಪಿನ ಒಂದು ಚಮಚ ಪುಡಿಯುಪ್ಪಿನ ಒಂದು ಚಮಚಕ್ಕಿಂತ ತೂಕದಲ್ಲಿ ಕಡಿಮೆ, ಹಾಗಾಗಿ ಹರಳುಪ್ಪಿನ ಅಳತೆಗೆ ಪುಡಿಯುಪ್ಪು ಹಾಕಿದರೆ ಅಡುಗೆ ಉಪ್ಪುಪ್ಪಾಗುತ್ತದೆ. ಅತ್ತೆಯವರ ಊರು ಬೆಟ್ಟದ ಮೇಲಿದ್ದು ನಿಮ್ಮದು ಬಯಲಿನಲ್ಲಿದ್ದರೆ ಹೊತ್ತಿನ ಲೆಕ್ಕವೂ ಬದಲಾಗುತ್ತದೆ. ಎತ್ತರ ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಒಂದು ಡಿಗ್ರಿಯಷ್ಟು ಇಳಿಯುವುದರಿಂದ ಮೇಲಿನವರಿಗೆ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಅವರು ಹೇಳಿದಷ್ಟೇ ಹೊತ್ತು ನೀವು ಇಟ್ಟರೆ ಕರಗಿಹೋಗುತ್ತದೆ.

ಹಿರಿಯರು ಕಣ್ಣಳತೆಯಲ್ಲೇ ಮಾಡುವುದರಿಂದ ‘ಎಷ್ಟು ಹಾಕಬೇಕು’ ಎಂದು ಕೇಳಿದರೆ ‘ಬೇಕಾದಷ್ಟು’ ಎಂಬ ಉತ್ತರವೇ ಬರುತ್ತದೆ, ಅದು ಅವರಿಗೆ ನಿಜವೂ ಹೌದು. ಅದರ ಬದಲು, “ಅತ್ತೆ, ಇದನ್ನು ಎಷ್ಟು ಜನಕ್ಕೆ ಮಾಡುತ್ತೀರಿ? ಯಾವ ಪಾತ್ರೆಯಲ್ಲಿ? ಒಲೆ ಹಚ್ಚುವ ಮೊದಲು ಏನೇನು ಸಿದ್ಧವಿರುತ್ತದೆ? ಆಯಿತು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿ. ಮೂರನೆಯ ಪ್ರಶ್ನೆಯನ್ನು ಕೇಳಿದ್ದರೆ ನನ್ನ ಮಕ್ಕಳು ಆ ರಾತ್ರಿ ಬ್ರೆಡ್ ತಿಂದು ಮಲಗುತ್ತಿರಲಿಲ್ಲ. ಮೊದಲ ಬಾರಿ ಅವರು ಹೇಳಿದ ಅಳತೆಯಲ್ಲಿಯೇ, ಬಿಡುವಿರುವ ದಿನ, ಅತಿಥಿಗಳಿಲ್ಲದಿರುವಾಗ ಮಾಡಿ ನೋಡಿ. ಎರಡನೆಯ ಬಾರಿ ನಿಮ್ಮ ಮನೆಯ ಸಂಖ್ಯೆಗೆ ತಿರುಗಿಸಿ. ಬದಲಿಸಿದ್ದನ್ನು ತಾರೀಕಿನ ಜೊತೆ ಅದೇ ಹಾಳೆಯ ಅಂಚಿನಲ್ಲಿ ಬರೆದಿಡಿ, ಮತ್ತು ಹೇಳಿಕೊಟ್ಟವರಿಗೆ ಒಂದು ಫೋನು ಮಾಡಿ ತಿಳಿಸಿ. ಚಿಕ್ಕಮ್ಮನ ಕಾಳಿನ ಅಡುಗೆಯ ಹಾಳೆಯಲ್ಲಿ ಈಗ ಮೊದಲ ಸಾಲು ‘ಕಾಳು ಬೆಳಿಗ್ಗೆಯೇ ಬೇಯಿಸಿಟ್ಟಿರಬೇಕು’ ಎಂದಿದೆ; ಅವರ ಸೊಸೆಗೂ ಅದೇ ಹಾಳೆಯ ಪ್ರತಿಯನ್ನು ಕಳಿಸಿದ್ದೇನೆ.